ಎಲ್ಲಾನೂ ‘ನುಸಿ’ ಅಂದಿದ್ದಕ್ಕೆ ಕಟ್ಟಿದ ದಂಡ

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಅರ್ಧ ಎಕರೆ ಪಾಲಿಹೌಸ್. ಕೆಂಪು, ಹಳದಿ ಕ್ಯಾಪ್ಸಿಕಂ ಬೆಳೆಯುತ್ತೇವೆ. ಇದು ಎರಡನೇ ಬೆಳೆಯ ಕತೆ. ನಾಟಿಯಾಗಿ ಎರಡು ತಿಂಗಳಾಗಿತ್ತು, ಕಾಯಿ ಕಚ್ಚಲು ಶುರುವಾಗಿತ್ತು. ಒಂದು ಬೆಳಿಗ್ಗೆ ಗಿಡಕ್ಕೆ ದಾರ ಸುತ್ತುವ ಅಕ್ಕ ಕೂಗಿದರು. “ಅಣ್ಣಾ, ಈ ಸಾಲಲ್ಲಿ ಸುಳಿ ಮುದುರ್ಕೊಂಡೈತೆ, ಬಂದು ನೋಡು.”

ಹೋಗಿ ನೋಡಿದೆ. ಹೌದು, ಮುದುರಿತ್ತು. ಮೊಬೈಲಲ್ಲಿ ಫೋಟೋ ತೆಗೆದು ಔಷಧಿ ಅಂಗಡಿಗೆ ಹೋದೆ. “ನುಸಿ ಬಿದ್ದಿದೆ” ಅಂದರು. ನನಗೂ ಹಾಗೇ ಅನ್ನಿಸಿತ್ತು. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಕೊಟ್ಟರು, ಹೊಡೆದೆ. ವಾರ ಬಿಟ್ಟು ಇನ್ನೊಂದು ಸಲ ಹೊಡೆದೆ. ಕೇಳಲಿಲ್ಲ. ಮೂರನೇ ಸಲ “ಇದು ಸ್ಟ್ರಾಂಗು” ಅಂತ ಬೇರೆ ಬಾಟಲಿ ಕೊಟ್ಟರು. ಮನೆಗೆ ಬಂದು ಲೇಬಲ್ಲಿನ ಸಣ್ಣಕ್ಷರ ಓದಿದರೆ ಅದೂ ಇಮಿಡಾಕ್ಲೋಪ್ರಿಡ್ಡೇ. ಹೆಸರು ಬೇರೆ, ಬಣ್ಣ ಬೇರೆ, ಬೆಲೆ ಮಾತ್ರ ಜಾಸ್ತಿ. ಅಷ್ಟರಲ್ಲಿ ಎರಡು ಸಾಲಲ್ಲಿದ್ದದ್ದು ಎಂಟು ಸಾಲಿಗೆ ಹಬ್ಬಿತ್ತು.

ಪಕ್ಕದೂರಲ್ಲಿ ಜರ್ಬೆರಾ ಹೂವು ಬೆಳೆಯುವ ಅಣ್ಣ ಒಬ್ಬರಿದ್ದಾರೆ. ಏನೋ ಬೇರೆ ಕೆಲಸಕ್ಕೆ ಬಂದವರು ಒಳಗೆ ಒಂದು ಸುತ್ತು ಹಾಕಿದರು. ನಾನು ನುಸಿ ಪುರಾಣ ಹೇಳಿದೆ. “ಯಾವ ನುಸಿನಪ್ಪಾ? ಎಲೆ ಮೇಲಕ್ಕೆ ಮುದುರಿದೆಯೋ, ಕೆಳಕ್ಕೋ?” ಅಂದರು. ಮೂರು ವಾರದಿಂದ ಅದೇ ಗಿಡ ನೋಡುತ್ತಿದ್ದೆ, ಅದನ್ನೇ ನೋಡಿರಲಿಲ್ಲ.

ತಪ್ಪು ಅರ್ಧ ನಮ್ಮ ಮಾತಿನದೇ. ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟಕ್ಕೂ ನುಸಿ ಅಂತೀವಿ, ಮೈಟಿಗೂ ನುಸಿ ಅಂತೀವಿ. ಎರಡರಿಂದಲೂ ಆಗುವುದಕ್ಕೆ ಮುಟುರು ರೋಗ ಅಂತೀವಿ. ಆದರೆ ಥ್ರಿಪ್ಸ್ ಕೆರೆದು ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿ ಥರ ಆಗುತ್ತದೆ, ಬೆಳ್ಳಿಯಂಥ ಗೀರು ಬೀಳುತ್ತದೆ. ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿದರೆ ಹುಳ ಓಡಾಡುವುದು ಕಾಣುತ್ತದೆ. ನಮ್ಮ ಗಿಡದಲ್ಲಿ ಎಲೆ ಕೆಳಕ್ಕೆ ಮುದುರಿತ್ತು. ತೊಟ್ಟು ಉದ್ದ, ಎಲೆ ಸಣ್ಣ, ತಳಭಾಗ ಎಣ್ಣೆ ಸವರಿದ ಹಾಗೆ ಕಂದು ಹೊಳಪು. ಕೆಲವು ಕಾಯಿಯ ಸಿಪ್ಪೆ ಸಪೋಟದ ಹಾಗೆ ಒರಟಾಗಿತ್ತು. ಅದು ಹಳದಿ ಮೈಟ್ ನುಸಿ.

ಮೈಟ್ ಕೀಟವೇ ಅಲ್ಲ, ಜೇಡದ ಕಡೆಯ ಎಂಟು ಕಾಲಿನ ಪ್ರಾಣಿ. ಇಮಿಡಾಕ್ಲೋಪ್ರಿಡ್ ಅದಕ್ಕೆ ತಾಗುವುದಿಲ್ಲ. ನಾನು ಹೊಡೆದದ್ದರಿಂದ ಮೈಟ್ ತಿನ್ನುವ ಒಳ್ಳೆ ಹುಳಗಳೇ ಸತ್ತಿದ್ದಿರಬೇಕು. ಸೆಕೆಗಾಲದಲ್ಲಿ ಒಂದೇ ವಾರದೊಳಗೆ ಮೊಟ್ಟೆ ಒಡೆದು ಮರಿ ದೊಡ್ಡದಾಗುತ್ತದೆ. ಗಂಡು ಮೈಟ್ ಇನ್ನೂ ಬಲಿಯದ ಹೆಣ್ಣನ್ನು ಹೊತ್ತುಕೊಂಡು ಎಳೆ ಎಲೆಗೆ ಹೋಗಿ ಇಳಿಸುತ್ತದಂತೆ! 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲೂ ಹುಳ ಕಷ್ಟಪಟ್ಟೇ ಕಾಣುತ್ತದೆ. ಮೊಟ್ಟೆ ಗುರುತು ಹಿಡಿಯುವುದು ಸುಲಭ, ಮೈಮೇಲೆ ಬಿಳಿ ಚುಕ್ಕೆ ಸಾಲಾಗಿರುತ್ತದೆ.

ಮಾರನೇ ದಿನ ಮೊದಲು ಕೊಯ್ಲಿಗೆ ಬಂದ ಕಾಯೆಲ್ಲ ಕಿತ್ತೆವು. ಸ್ಪ್ರೇ ಆದಮೇಲೆ ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಕಾಯಿ ಮುಟ್ಟುವ ಹಾಗಿಲ್ಲವಲ್ಲ. ತೀರಾ ಕೆಟ್ಟ ಸುಳಿಗಳನ್ನು ಕತ್ತರಿಸಿ, ಅಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಹೊರಗೆ ಬಿಸಿಲಿಗೆ ಹಾಕಿದೆವು. ಸಂಜೆ ತಂಪಾದಮೇಲೆ ಮೈಟ್ ಕೊಲ್ಲುವ ಸ್ಪೈರೋಮೆಸಿಫೆನ್ ಹೊಡೆದೆ. ಇದು ಮೊಟ್ಟೆ, ಮರಿಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ದೊಡ್ಡ ಹುಳ ನಿಧಾನಕ್ಕೆ ಹೋಗುತ್ತವೆ. ಮೂರನೇ ದಿನಕ್ಕೇ ಗಾಬರಿಬಿದ್ದು ಇನ್ನೊಂದು ಡಬ್ಬ ತರಬಾರದು. ವಾರ ಬಿಟ್ಟು ಬೇರೆ ಗುಂಪಿನ ಫೆನ್‌ಪೈರಾಕ್ಸಿಮೇಟ್ ಕೊಟ್ಟೆ. ಎರಡು ಸಲವೂ ನಾಜಲ್ ಮೇಲ್ಮುಖ ಮಾಡಿ ಎಲೆಯ ತಳ, ಸುಳಿ ನೆನೆಯುವ ಹಾಗೆ ಹೊಡೆದೆ. ಮಾಸ್ಕು, ಕೈಗವಸು, ತುಂಬು ತೋಳಿನ ಅಂಗಿ ಹಾಕಿದರೆ ಒಳಗೆ ಬೇಯುತ್ತದೆ ನಿಜ, ಆದರೂ ಮುಚ್ಚಿದ ಜಾಗದಲ್ಲಿ ಅದಿಲ್ಲದೆ ಹೊಡೆಯಬೇಡಿ. ಮುದುರಿದ ಎಲೆ ಮತ್ತೆ ಬಿಚ್ಚಿಕೊಳ್ಳಲ್ಲ. ವಾಸಿಯಾಯಿತಾ ಅಂತ ತಿಳಿಯಲು ಹೊಸ ಚಿಗುರು ನೋಡಬೇಕು. ನಮಗೆ ಅದು ಕಾಣಲು ಎರಡು ವಾರ ಹಿಡಿಯಿತು. ಆ ಎಂಟು ಸಾಲಿನ ಮೊದಲ ಎರಡು ಕೊಯ್ಲು ಹೆಚ್ಚುಕಮ್ಮಿ ಹೋಯಿತು ಅಂತಲೇ ಲೆಕ್ಕ.

ಮೈಟಿಗೆ ರೆಕ್ಕೆ ಇಲ್ಲ, ಹಾಗಾದರೆ ಒಳಗೆ ಬಂದದ್ದು ಹೇಗೆ? ಬಿಳಿ ನೊಣದ ಕಾಲು ಹಿಡಿದುಕೊಂಡೂ ಅದು ಸವಾರಿ ಮಾಡುತ್ತದೆ. ಬದಿಯಲ್ಲಿ 40 ಮೆಶ್ ಬಲೆ (ಇಂಚಿಗೆ 40 ಕಣ್ಣು) ಇತ್ತು, ಆದರೆ ಒಂದು ಮೂಲೆಯಲ್ಲಿ ಅಂಗೈಯಗಲ ಹರಿದಿತ್ತು. ಎರಡು ಬಾಗಿಲಿನ ನಡುವಿನ ಕೋಣೆಯನ್ನು ನಾವು ಕ್ರೇಟ್ ಇಡಲು ಬಳಸಿ, ಎರಡೂ ಬಾಗಿಲನ್ನು ಒಟ್ಟಿಗೇ ತೆರೆದಿಡುತ್ತಿದ್ದೆವು. ಹೊರಗೆ ಸುತ್ತಲೂ ಕಾಂಗ್ರೆಸ್ ಗಿಡ ಎದೆಯುದ್ದ. ಬಲೆ ಹೊಲಿದೆವು, ಕ್ರೇಟ್ ಆಚೆ ಹಾಕಿದೆವು, ಕಳೆ ಕಿತ್ತೆವು. ಹಾಗಂತ ಆ ಬಲೆ ಥ್ರಿಪ್ಸನ್ನು ತಡೆಯಲ್ಲ, ಅದು ಆರಾಮಾಗಿ ನುಸುಳುತ್ತದೆ. ಇನ್ನೂ ಸಣ್ಣ ಕಣ್ಣಿನ ಬಲೆ ಹಾಕಿದರೆ ಗಾಳಿ ಆಡದೆ ಒಳಗೆ ಒಲೆಯಾಗುತ್ತದೆ. ಹಾಗಾಗಿ ಥ್ರಿಪ್ಸಿಗೆ ನೀಲಿ ಅಂಟು ಹಾಳೆ, ಬಿಳಿ ನೊಣ ಮತ್ತು ಗಿಡಹೇನಿಗೆ ಹಳದಿ ಹಾಳೆ ನೇತುಹಾಕಿ, ಗಿಡ ಬೆಳೆದ ಹಾಗೆ ಮೇಲಕ್ಕೆ ಏರಿಸುತ್ತೇವೆ. ಹಳದಿ ಸೀರೆ, ಹಳದಿ ಟೀ ಶರ್ಟಿಗೂ ಹುಳ ಅಂಟಿಕೊಂಡು ಒಳಗೆ ಬರುತ್ತವೆ. ಇದನ್ನು ಹೇಳಿದಾಗ ಎಲ್ಲರೂ ನಕ್ಕರು, ಈಗ ಯಾರೂ ಹಾಕಿಕೊಂಡು ಬರುವುದಿಲ್ಲ.

ಸಣ್ಣಪುಟ್ಟ ಕಾಟಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಸಾಕಾಗುತ್ತಿದೆ. ಶುರುವಿನಲ್ಲೇ ಹೊಡೆಯಬೇಕು ಅಷ್ಟೇ. ನೀರಲ್ಲಿ ಬೆರೆಯುವ ಗಂಧಕವೂ ಮೈಟಿಗೆ ಒಳ್ಳೆಯದು, ಆದರೆ ಉರಿ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಎಣ್ಣೆ ಮದ್ದಿನ ಹಿಂದೆಮುಂದೆ ಅಂತೂ ಬೇಡವೇ ಬೇಡ.

ಮಾರ್ಚ್ ಬಂದರೆ ಇನ್ನೊಂದು ತಲೆನೋವು, ಬಲೆ ನೇಯುವ ಜೇಡ ನುಸಿ. ಅದಕ್ಕೆ ಒಣ ಬಿಸಿ ಇಷ್ಟ. ಮಂಜಿನ ಹಾಗೆ ನೀರು ಚಿಮ್ಮಿಸುವ ಫಾಗರ್ ಬಿಟ್ಟರೆ ಅದು ತಗ್ಗುತ್ತದೆ, ಜಾಸ್ತಿ ಬಿಟ್ಟರೆ ತೇವ ಇಷ್ಟಪಡುವ ಹಳದಿ ಮೈಟ್ ಏಳುತ್ತದೆ. ಇವೆರಡರ ಮಧ್ಯೆ ಎಷ್ಟು ಹೊತ್ತು ಬಿಡಬೇಕು ಅಂತ ನಾನು ಇನ್ನೂ ಕಲಿಯುತ್ತಲೇ ಇದ್ದೇನೆ.

ಈಗ ಅನುಮಾನದ ಗಿಡಕ್ಕೆ ಆ ಅಕ್ಕನೇ ಕೆಂಪು ಟೇಪು ಕಟ್ಟುತ್ತಾರೆ. ಟೇಪು ಇರುವ ಸಾಲಿಗೆ ಎಲ್ಲರೂ ಕೊನೆಯಲ್ಲಿ ಹೋಗುತ್ತೇವೆ. ಸೋಮವಾರ ಲೆನ್ಸ್ ಹಿಡಿದು ನಾನು ನೋಡಿದ ಮೇಲೇ ಔಷಧಿಯ ಮಾತು. ಈ ವಾರ ನಾಲ್ಕು ಟೇಪು ಬಿದ್ದಿತ್ತು. ಮೂರರಲ್ಲಿ ಗಿಡಹೇನು. ನಾಲ್ಕನೆಯದರಲ್ಲಿ ಹುಳ ಹುಡುಕಿ ಹುಡುಕಿ ಸಾಕಾಯಿತು. ಆಮೇಲೆ ನೋಡಿದರೆ ಡ್ರಿಪ್ ಕಟ್ಟಿಕೊಂಡು ಗಿಡಕ್ಕೆ ನೀರೇ ಬರುತ್ತಿರಲಿಲ್ಲ.