ಸುಣ್ಣದ ನೀರಿನ ಸೀಮೆಯಲ್ಲಿ ಬಾಯ್ಲರ್ ನಡೆಸುವ ಕ್ರಮ

ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸಿ, ಒತ್ತಡವುಳ್ಳ ಉಗಿಯನ್ನು ಪಡೆಯುವ ಸಾಧನವೇ ಬಾಯ್ಲರ್. ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಮಾಪಕವು 10 ಬಾರ್ ಒತ್ತಡ ತೋರಿಸುವಾಗ ಸುಮಾರು 184 ಡಿಗ್ರಿ ಮುಟ್ಟಿದ ಮೇಲಷ್ಟೇ ಕುದಿಯುತ್ತದೆ. ಉಗಿಯಾಗುವಾಗ ನೀರು ಹೀರಿಕೊಂಡ ಶಾಖವೆಲ್ಲ, ಉಗಿ ತಣಿದು ಮತ್ತೆ ನೀರಾಗುವಾಗ ಮರಳಿ ಸಿಗುತ್ತದೆ. ಕುದಿಸಿದ ಅಕ್ಕಿ ಮಾಡುವ ಗಿರಣಿಯಲ್ಲಿ ಭತ್ತವನ್ನು ಬೇಯಿಸುವುದೂ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸವನ್ನು ಇಂಗಿಸುವುದೂ ಈ ಶಾಖವೇ. ಗಿರಣಿಗಳಲ್ಲಿ ಸಾಮಾನ್ಯವಾಗಿ ಬಿಸಿ ಹೊಗೆ ಕೊಳವೆಯೊಳಗೂ ನೀರು ಅದರ ಸುತ್ತಲೂ ಇರುವ ಬಾಯ್ಲರ್ ಇರುತ್ತದೆ. ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ತನ್ನೂ ತೆಗೆಯುವ ಸಕ್ಕರೆ ಕಾರ್ಖಾನೆಗಳಲ್ಲಿ ನೀರೇ ಕೊಳವೆಯೊಳಗೆ ಹರಿಯುತ್ತದೆ.

ನಾನು ಒತ್ತಿ ಹೇಳಬೇಕಾದದ್ದು ನೀರಿನ ವಿಷಯ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅಂಥ ನೆಲದಲ್ಲಿ ಕೊರೆದ ಬೋರ್‌ವೆಲ್‌ನ ನೀರು ಕ್ಯಾಲ್ಸಿಯಂ ಹೊತ್ತೇ ಬರುತ್ತದೆ. ಕಲಬುರಗಿ ಕಡೆಯ ಮನೆಗಳಲ್ಲಿ ನೀರು ಕಾಯಿಸುವ ಬಂಬದ ಒಳಗೆ ಕಟ್ಟುವ ಬಿಳಿ ಹಕ್ಕಳೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಹಕ್ಕಳೆ ಬಾಯ್ಲರಿನ ಕೊಳವೆಗೆ ಅಂಟಿದರೆ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ, ಸೌದೆ ಹೆಚ್ಚು ಬೇಕಾಗುತ್ತದೆ, ಕೊನೆಗೆ ಕಬ್ಬಿಣವೇ ಮಿತಿಮೀರಿ ಕಾದು ಉಬ್ಬುತ್ತದೆ. ಆದ್ದರಿಂದ ನೀರನ್ನು ಅದರ ಕ್ಯಾಲ್ಸಿಯಂ ತೆಗೆಯುವ ಸಾಫ್ಟ್‌ನರ್‌ನಲ್ಲಿ ಹಾಯಿಸಿಯೇ ಒಳಗೆ ಬಿಡಬೇಕು. ಪ್ರತಿ ಪಾಳಿಯ ಮೊದಲು ಆ ನೀರನ್ನು ಚಿಕ್ಕ ಸೀಸೆಯಲ್ಲಿ ಹಿಡಿದು, ಸಾಬೂನು ದ್ರಾವಣದ ಕೆಲವು ಹನಿ ಹಾಕಿ ಅಲುಗಾಡಿಸಿರಿ. ನೊರೆ ನಿಲ್ಲದಿದ್ದರೆ ಸಾಫ್ಟ್‌ನರ್‌ನ ಕ್ಯಾಲ್ಸಿಯಂ ಹಿಡಿಯುವ ರಾಳವನ್ನು ಉಪ್ಪುನೀರಿನಿಂದ ತೊಳೆಯುವ ಹೊತ್ತು ಬಂದಿದೆ ಎಂದರ್ಥ. ತಳದಲ್ಲಿ ಸೇರಿದ ಕೆಸರನ್ನು ಬ್ಲೋಡೌನ್ ವಾಲ್ವ್ ತೆರೆದು ಹೊರಹಾಕುವುದನ್ನೂ ತಪ್ಪಿಸಬಾರದು.

ಬೆಂಕಿ ಹಚ್ಚುವ ಮೊದಲು ಗೇಜ್ ಗಾಜಿನಲ್ಲಿ ನೀರಿನ ಮಟ್ಟ ನೋಡಿರಿ. ಉಗಿ ಏರಿದ ಮೇಲೆ ಗಾಜಿನ ಕೆಳಗಿನ ಡ್ರೇನ್ ತೆರೆದು ಮುಚ್ಚಿದರೆ ನೀರು ತಟ್ಟನೆ ಮೇಲೇರಬೇಕು. ನಿಧಾನವಾಗಿ ಏರಿದರೆ ದಾರಿ ಕಟ್ಟಿಕೊಂಡಿದೆ. ಗಾಜಿನಲ್ಲಿ ನೀರೇ ಕಾಣದಿದ್ದರೆ ಗಾಬರಿಯಿಂದ ಪಂಪ್ ಹಾಕಬೇಡಿರಿ: ಕೆಂಪಗೆ ಕಾದ ಕೊಳವೆಗೆ ತಣ್ಣೀರು ತಗುಲಿದರೆ ಬಾಯ್ಲರ್ ಸಿಡಿಯಬಹುದು. ಮೊದಲು ಬೆಂಕಿ ಆರಿಸಿ, ಎಲ್ಲರನ್ನೂ ದೂರ ಕಳಿಸಿ, ತಾನಾಗಿ ತಣಿಯಲು ಬಿಡಿರಿ. ಸೇಫ್ಟಿ ವಾಲ್ವ್ ಉಗಿ ಬಿಡುತ್ತದೆಂದು ಅದರ ಮೇಲೆ ಭಾರ ಇಡುವುದು ಜೀವದೊಡನೆ ಆಡುವ ಆಟ. ಪ್ರಮಾಣಪತ್ರ ಪಡೆದ ನಿರ್ವಾಹಕರಲ್ಲದವರ ಕೈಗೆ ಬಾಯ್ಲರನ್ನು ಕೊಡಲೇಬಾರದು.

ಕೆಲಸ ಮುಗಿದು ಒತ್ತಡ ಸೊನ್ನೆಯ ಹತ್ತಿರ ಇಳಿದಾಗ ಮೇಲಿನ ಗಾಳಿ ವಾಲ್ವ್ ತೆರೆಯಿರಿ. ಇಲ್ಲವಾದರೆ ಉಳಿದ ಉಗಿ ತಣಿದು ಒಳಗೆ ನಿರ್ವಾತ ಉಂಟಾಗುತ್ತದೆ.