ಒಂದು ಹಸು, ಎಲ್ಲ ಪೀರಿಯಡ್

ಸಾಕುಪ್ರಾಣಿಗಳ ಪಾಠ ಬಂತೆಂದರೆ ‘ಹಸು ಹಾಲು ಕೊಡುತ್ತದೆ, ನಾಯಿ ಮನೆ ಕಾಯುತ್ತದೆ’ ಎಂದು ಬರೆಸಿ ಮುಗಿಸುವುದು ರೂಢಿ. ಹಸುವಿಗೆ ಯಾರು ಏನು ಕೊಡುತ್ತಾರೆ, ಅದು ಮೇವು ಬಿಟ್ಟರೆ ಯಾರನ್ನು ಕರೆಯುತ್ತಾರೆ ಎಂಬುದು ನೋಟ್ಸಿಗೆ ಬರುವುದೇ ಇಲ್ಲ. ಮಲೆನಾಡಿನ ಎಷ್ಟೋ ಮಕ್ಕಳು ಹಸುವಿಗೆ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಇಟ್ಟು, ಸಗಣಿ ಬಾಚಿಯೇ ಶಾಲೆಗೆ ಹೊರಡುವವರು. ಆ ಕೆಲಸವನ್ನೇ ಒಂದು ವಾರ ಎಲ್ಲ ವಿಷಯಗಳ ಪಾಠ ಮಾಡಬಹುದು. ಆರರಿಂದ ಎಂಟನೇ ತರಗತಿಗೆ ಇದು ಸರಿಹೊಂದುತ್ತದೆ.

ಮೊದಲು ಕೊಟ್ಟಿಗೆ ಹುಡುಕಿ. ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಇರಲಿ, ಹಸು ಸಾಧುವಾಗಿರಲಿ. ಮಲೆನಾಡು ಗಿಡ್ಡ ಎಂಬ ಕುಳ್ಳ ದೇಸಿ ತಳಿಯ ಹಸು ಸಿಕ್ಕರೆ ಇನ್ನೂ ಒಳ್ಳೆಯದು. ಹಾಲು ಕರೆಯುವ ಹೊತ್ತಿನಲ್ಲಿ ಹೋಗಬೇಡಿ. ಹೊಸದಾಗಿ ಕರು ಹಾಕಿದ ಹಸುವಿನ ಹತ್ತಿರ ಮಕ್ಕಳನ್ನು ಬಿಡಲೇಬೇಡಿ. ಒಂದು ಸಲಕ್ಕೆ ಎಂಟು–ಹತ್ತು ಮಕ್ಕಳು ಸಾಕು. ಮುಟ್ಟುವುದು, ಅಳೆಯುವುದು ಮನೆಯವರ ಕೈಯಲ್ಲೇ ಆಗಲಿ, ಮಕ್ಕಳು ಬರೆದುಕೊಳ್ಳಲಿ. ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಶುರು ಗಣಿತದಿಂದ ಆಗಲಿ. ತಕ್ಕಡಿ ಇಲ್ಲದೆ ಹಸುವಿನ ತೂಕ ತಿಳಿಯುವುದು ಹೇಗೆ? ದರ್ಜಿ ಟೇಪ್ ಸಾಕು. ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆ, ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ತೆಗೆಯಿರಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 300ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಸಿಗುತ್ತದೆ, ಅದನ್ನು 2.2ರಿಂದ ಭಾಗಿಸಿದರೆ ಕೆ.ಜಿ. ಸುತ್ತಳತೆ 46 ಇಂಚು, ಉದ್ದ 40 ಇಂಚು ಇರುವ ಗಿಡ್ಡ ಹಸು ಸುಮಾರು 128 ಕೆ.ಜಿ. ತೂಗುತ್ತದೆ. ಜಂತುಹುಳದ ಔಷಧಿ ಕೊಡುವಾಗ ಡಾಕ್ಟರು ನೋಡುವುದೂ ಈ ತೂಕವನ್ನೇ.

ಲೆಕ್ಕ ಇಲ್ಲಿಗೆ ನಿಲ್ಲಬಾರದು. ಹಸುವಿಗೆ ದಿನಕ್ಕೆ ತನ್ನ ತೂಕದ ಸುಮಾರು ಶೇ 2.5ರಷ್ಟು ಒಣ ಪದಾರ್ಥ (ಮೇವಿನಲ್ಲಿ ನೀರಿನಂಶ ಬಿಟ್ಟು ಉಳಿಯುವುದು) ಬೇಕು, ಅಂದರೆ ನಮ್ಮ ಹಸುವಿಗೆ 3.2 ಕೆ.ಜಿ. ಬೈಹುಲ್ಲಿನಲ್ಲಿ ಶೇ 90ರಷ್ಟು ಒಣ ಅಂಶ ಇದೆ, ಹಸಿಹುಲ್ಲಿನಲ್ಲಿ ಶೇ 20ರ ಆಸುಪಾಸು. ಎರಡು ಕೆ.ಜಿ. ಬೈಹುಲ್ಲು ಹಾಕಿದರೆ ಹಸಿಹುಲ್ಲು ಎಷ್ಟು ಬೇಕು? ಏಳು ಕೆ.ಜಿ. ಶೇಕಡಾ ಲೆಕ್ಕಕ್ಕೆ ಮುಖ ತಿರುಗಿಸುವ ಮಕ್ಕಳೂ ಈ ಲೆಕ್ಕಕ್ಕೆ ತಕರಾರು ಮಾಡುವುದಿಲ್ಲ.

ವಿಜ್ಞಾನದ ಪೀರಿಯಡ್‌ನಲ್ಲಿ ಸುಮ್ಮನೆ ಕೂತು ನೋಡುವುದೇ ಕೆಲಸ. ಮಲಗಿ ಮೆಲುಕು ಹಾಕುವ ಹಸುವಿನ ಕುತ್ತಿಗೆಯ ಎಡಭಾಗ ಗಮನಿಸಿ: ಉಂಡೆಯೊಂದು ಕೆಳಗಿನಿಂದ ಸರ್ರನೆ ಮೇಲೇರುತ್ತದೆ, ದವಡೆ ಆಡತೊಡಗುತ್ತದೆ, ನುಂಗುತ್ತದೆ, ಅರೆಕ್ಷಣ ಬಿಟ್ಟು ಇನ್ನೊಂದು. ಒಂದು ಉಂಡೆಗೆ ಎಷ್ಟು ಅಗಿತ ಎಂದು ಎಣಿಸಲಿ; ನಲವತ್ತರಿಂದ ಅರವತ್ತು ಸಾಮಾನ್ಯ. ಪಕ್ಕೆಯ ಏರಿಳಿತ ನೋಡಿ ನಿಮಿಷಕ್ಕೆ ಎಷ್ಟು ಉಸಿರು ಎಂದು ಬರೆಯಲಿ. ಮೆಲುಕು ನಿಲ್ಲಿಸಿದ ಹಸುವಿಗೆ ಹುಷಾರಿಲ್ಲ ಎಂದು ಮನೆಯವರು ಹೇಗೆ ಹೇಳುತ್ತಾರೆ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ಉಣುಗಿನ ಪಾಠ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಬಿಡುವಂತೆಯೇ ಇಲ್ಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ, ಆದರೆ ಕಾಡಿನಲ್ಲಿ ಮೇಯ್ದು ಬರುವಾಗ ಉಣುಗನ್ನು ಮನೆಗೆ ತರುತ್ತದೆ. ಕೊಟ್ಟಿಗೆಗೆ ಹಾಸಲು ತರುವ ದರಕಿನ (ಒಣಗಿದ ಎಲೆಯ) ಜೊತೆಗೂ ಬರಬಹುದು. ಸಮಾಜ ವಿಜ್ಞಾನದವರು ಇದನ್ನು ನಕ್ಷೆಗೆ ಇಳಿಸಲಿ: ಊರು, ಕಾಡಿನ ಅಂಚು, ದನ ಹೋಗುವ ದಾರಿ, ದರಕು ತರುವ ಜಾಗ. ಡಿಸೆಂಬರ್‌ನಿಂದ ಮೇ ತನಕ ಮಕ್ಕಳನ್ನು ಕಾಡಿನಂಚಿಗೆ ಕರೆದೊಯ್ಯಬೇಡಿ. ನಕ್ಷೆ ಕ್ಲಾಸಿನಲ್ಲೇ ಆಗಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬುದನ್ನೂ ಅದರಲ್ಲೇ ಬರೆಸಿ.

ಇಂಗ್ಲಿಷ್‌ಗೆ ಖನಿಜ ಮಿಶ್ರಣದ ಪ್ಯಾಕೆಟ್, ಔಷಧಿ ಬಾಟಲಿಯ ಲೇಬಲ್ ಓದಿಸಿ. ಕನ್ನಡಕ್ಕೆ ಸಂದರ್ಶನ. ‘ಹಸು ಎಂದರೆ ನಿಮಗೆ ಇಷ್ಟವೇ?’ ಎಂದು ಕೇಳಿದರೆ ‘ಹೌದು’ ಬಿಟ್ಟು ಇನ್ನೇನೂ ಸಿಗದು. ‘ಈ ಹಸುವಿಗೆ ಕೊನೆಯ ಸಲ ಹುಷಾರು ತಪ್ಪಿದಾಗ ಏನೇನು ಮಾಡಿದಿರಿ ಅಕ್ಕಾ?’ ಎಂದು ಕೇಳಿಸಿ. ಡೇರಿ ಚೀಟಿಯಲ್ಲಿನ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬಗ್ಗೆ ಡೇರಿ ಕಾರ್ಯದರ್ಶಿಗಳೇ ಚೆನ್ನಾಗಿ ಹೇಳುತ್ತಾರೆ. ಚಿತ್ರಕಲೆ ಬೇಕಿದ್ದರೆ ಇರಲಿ.

ವಾರದ ಕೊನೆಗೆ ಬಸ್ಸಿನ ವ್ಯವಸ್ಥೆ ಆದರೆ ಶಿವಮೊಗ್ಗದ ಹತ್ತಿರದ ಸಕ್ರೆಬೈಲು ಆನೆ ಬಿಡಾರಕ್ಕೆ ಬೆಳಿಗ್ಗೆಯೇ ಹೋಗಿ. ಆನೆ ಜೊತೆ ಫೋಟೊ ಬೇಕಿಲ್ಲ, ಮಾವುತರು, ಅವರ ಸಹಾಯಕರಾದ ಕಾವಾಡಿಗಳ ಕೆಲಸ ನೋಡಿ. ತುಂಗೆಯ ಹಿನ್ನೀರಿನಲ್ಲಿ ಮೈ ಉಜ್ಜುವಾಗಲೇ ಗಾಯ, ಊತ ಅವರ ಕಣ್ಣಿಗೆ ಬೀಳುತ್ತದೆ. ಕಾಡಿಗೆ ಮೇಯಲು ಬಿಟ್ಟ ಆನೆಯನ್ನು ಮರುದಿನ ಅದರ ಸರಪಳಿ ನೆಲದಲ್ಲಿ ಎಳೆದ ಗೆರೆ ಹಿಡಿದು ಹುಡುಕುತ್ತಾರೆ. ಅದನ್ನು ಕೇಳಿ ತಿಳಿಯಬೇಕು.

ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಬೇಕೆಂದು ಯಾವ ಮಗುವಾದರೂ ಕೇಳಿದರೆ ಹೇಳಲು ಉತ್ತರ ಇಟ್ಟುಕೊಂಡಿರಿ. ಎಸ್ಸೆಸ್ಸೆಲ್ಸಿ ನಂತರ ಪಶುಸಂಗೋಪನೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಇದೆ. ಪಶುವೈದ್ಯರಾಗಲು ಪಿಯುಸಿಯಲ್ಲಿ ಜೀವವಿಜ್ಞಾನ ಓದಿರಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ, ಕಾಲೇಜು ಶಿವಮೊಗ್ಗದಲ್ಲೇ ಇದೆ. ಪಶು ಆಸ್ಪತ್ರೆಯ ಡಾಕ್ಟರನ್ನು ಕ್ಲಾಸಿಗೆ ಕರೆಯುವುದಾದರೆ ಮಧ್ಯಾಹ್ನದ ಮೇಲೆ ಕರೆಯಿರಿ, ಬೆಳಿಗ್ಗೆ ಅವರಿಗೆ ಬಿಡುವಿರುವುದಿಲ್ಲ.