ಯೋಗ, ಧ್ಯಾನ, ಆಪ್ತಸಮಾಲೋಚನೆ: ಮೂರನ್ನೂ ಹೊಂದಿಸಿಕೊಳ್ಳುವುದು ಹೇಗೆ?

ಆಪ್ತಸಮಾಲೋಚಕರ ಎದುರು ಕುಳಿತು ‘ಈಗ ಪರವಾಗಿಲ್ಲ, ಚೆನ್ನಾಗಿಯೇ ಇದ್ದೇನೆ’ ಎನ್ನುತ್ತೀರಿ. ಬಾಯಿ ಹಾಗೆನ್ನುವಾಗ ಹೆಬ್ಬೆರಳು ಮುಷ್ಟಿಯೊಳಗೆ ಅಡಗಿದೆ, ಹೆಗಲು ಕಿವಿಯವರೆಗೆ ಏರಿದೆ. ಅನುಭವಿ ಸಮಾಲೋಚಕರು ಆ ಮಾತನ್ನು ಅಲ್ಲಿಗೇ ಬಿಟ್ಟು ಮುಷ್ಟಿಯ ಬಗ್ಗೆ ಕೇಳುತ್ತಾರೆ. ಯೋಗಕ್ಕೂ ಕೌನ್ಸೆಲಿಂಗಿಗೂ ನಂಟು ಬೆಳೆಯುವುದು ಇಂಥ ಕಡೆ.

ದುಃಖ, ಭಯ, ಸಿಟ್ಟು ಬರಿಯ ಯೋಚನೆಗಳಾಗಿ ಉಳಿಯುವುದಿಲ್ಲ. ಗಂಟಲು ಕಟ್ಟುತ್ತದೆ, ಹೊಟ್ಟೆ ಹಿಂಡುತ್ತದೆ, ಎದೆ ಬಿಗಿಯುತ್ತದೆ. ಇವನ್ನು ಗುರುತಿಸಲು ಆಸನ, ಉಸಿರಾಟ, ಧ್ಯಾನ ನೆರವಾಗುತ್ತವೆ. ಗುರುತಿಸಿದ್ದರ ಗಂಟು ಬಿಡಿಸಲು ಇನ್ನೊಬ್ಬರೊಡನೆ ಮಾತನಾಡಬೇಕಾಗುತ್ತದೆ. ಆದರೆ ಬಹಳಷ್ಟು ಮಂದಿಗೆ ಬೆಳಗಿನ ಯೋಗವೇ ಬೇರೆ, ವಾರಕ್ಕೊಮ್ಮೆಯ ಭೇಟಿಯೇ ಬೇರೆ. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ.

ಜೋಡಿಸುವ ಪ್ರಯತ್ನ ಹೊಸದೇನೂ ಅಲ್ಲ. 1979ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಕಬಾಟ್ ಝಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಧ್ಯಾನ ಮತ್ತು ಹಗುರ ಹಠಯೋಗವನ್ನು ಸೇರಿಸಿ ರೋಗಿಗಳಿಗಾಗಿ ತರಬೇತಿ ಆರಂಭಿಸಿದರು. ಇದೇ ಮುಂದೆ 8 ವಾರಗಳ ಕ್ರಮವಾಗಿ ಹೆಸರಾಯಿತು. ಮತ್ತೆ ಮತ್ತೆ ಮರುಕಳಿಸುವ ಖಿನ್ನತೆಯನ್ನು ತಡೆಯಲು ಮನಶ್ಶಾಸ್ತ್ರಜ್ಞರಾದ ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಇದನ್ನು ಅರಿವಿನ ಚಿಕಿತ್ಸೆಯೊಂದಿಗೆ (ಕಾಗ್ನಿಟಿವ್ ಥೆರಪಿ, ಅಂದರೆ ಯೋಚನೆಯ ಧಾಟಿಯನ್ನು ಗುರುತಿಸಿ ಬದಲಿಸುವ ಮಾತಿನ ಚಿಕಿತ್ಸೆ) ಬೆಸೆದರು. ಈ ಬೆಸೆದ ಕ್ರಮ ಮೂಲತಃ ಖಿನ್ನತೆಯಿಂದ ಚೇತರಿಸಿಕೊಂಡವರಿಗಾಗಿ ರೂಪುಗೊಂಡದ್ದು ಎಂಬುದನ್ನು ಮರೆಯಬಾರದು. ಎದ್ದು ಮುಖ ತೊಳೆಯಲೂ ಆಗದಷ್ಟು ಕುಸಿದವರಿಗೆ ‘ಧ್ಯಾನ ಮಾಡಿ, ಸರಿಹೋಗುತ್ತದೆ’ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ.

ಮೊದಲು ತಿಳಿಸಿ

ಏನು ಅಭ್ಯಾಸ ಮಾಡುತ್ತಿದ್ದೀರಿ, ಎಷ್ಟು ಹೊತ್ತು, ಆಗ ಏನಾಗುತ್ತದೆ ಎಂಬುದನ್ನು ಆಪ್ತಸಮಾಲೋಚಕರಿಗೆ ಹೇಳಿ. ಯೋಗ ಶಿಕ್ಷಕರಿಗೆ ನಿಮ್ಮ ಕಥೆಯೆಲ್ಲ ಬೇಕಿಲ್ಲ. ‘ಬೆನ್ನ ಹಿಂದೆ ನಿಂತು ಮುಟ್ಟಿ ತಿದ್ದಬೇಡಿ’ ಎಂಬಷ್ಟು ತಿಳಿದರೆ ಸಾಕು. ವೈದ್ಯರು ಕೊಟ್ಟ ಮಾತ್ರೆಗಳನ್ನು ಯೋಗದ ಭರವಸೆಯಲ್ಲಿ ನಿಲ್ಲಿಸಬೇಡಿ. ಗಾಬರಿಯ ದಾಳಿ, ಅಧಿಕ ರಕ್ತದೊತ್ತಡ, ಅಪಸ್ಮಾರ ಇರುವವರು ಮತ್ತು ಗರ್ಭಿಣಿಯರು ಕಪಾಲಭಾತಿ, ಭಸ್ತ್ರಿಕಾದಂಥ ವೇಗದ ಉಸಿರಾಟವನ್ನು ಮಾಡಬಾರದು. ಭ್ರಮೆ ಅಥವಾ ಉನ್ಮಾದ ಒಮ್ಮೆಯಾದರೂ ಕಾಡಿದ್ದರೆ ದೀರ್ಘ ಮೌನ ಶಿಬಿರಗಳಿಗೆ ಹೋಗುವ ಮುನ್ನ ಮನೋವೈದ್ಯರನ್ನು ಕೇಳಲೇಬೇಕು. ಬದುಕೇ ಬೇಡ ಎನಿಸುತ್ತಿದ್ದರೆ ಚಾಪೆ ಹಾಸುತ್ತಾ ಕೂರಬೇಡಿ; ತಕ್ಷಣ ತುರ್ತು ವೈದ್ಯಕೀಯ ನೆರವು ಪಡೆಯಿರಿ.

ಭೇಟಿಗೆ ಮುಂಚಿನ ಹತ್ತು ನಿಮಿಷ

ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಹೆಚ್ಚು ಫಲ ಕೊಡುವುದು ಇದೇ. ಹತ್ತು ನಿಮಿಷ ಮೊದಲೇ ಹೋಗಿ ಕುಳಿತುಕೊಳ್ಳಿ. ಮೊಬೈಲ್ ಚೀಲದೊಳಗಿರಲಿ. ಎರಡೂ ಪಾದಗಳನ್ನು ನೆಲಕ್ಕೆ ಪೂರ್ತಿ ಊರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ಬಿಡಿ. ಸೆಕೆಂಡಿಗೊಂದರಂತೆ ಎಣಿಸಿದರೆ ನಿಮಿಷಕ್ಕೆ ಆರು ಉಸಿರು. ನಡುವೆ ಹಿಡಿದಿಟ್ಟುಕೊಳ್ಳುವುದು ಬೇಡ. ಉಸಿರು ಬಿಡುವಾಗ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಹಿಡಿತ ಹೆಚ್ಚಿ ಬಡಿತ ತುಸು ನಿಧಾನವಾಗುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡುವುದು ಅದಕ್ಕಾಗಿಯೇ. ಎಣಿಕೆಯಿಂದಲೇ ಉಸಿರು ಕಟ್ಟಿದಂತಾದರೆ ಮೂರು, ನಾಲ್ಕಕ್ಕೆ ಇಳಿಸಿ.

ಐದು ನಿಮಿಷದ ಬಳಿಕ ದವಡೆ, ಹೆಗಲು, ಎದೆ, ಹೊಟ್ಟೆ, ಅಂಗೈ ಹೇಗಿವೆ ಎಂದು ಒಂದೊಂದಾಗಿ ಗಮನಿಸಿ. ಸರಿಪಡಿಸಲು ಹೋಗಬೇಡಿ. ಎಲ್ಲಿ ಬಿಗಿ ಇದೆ ಎಂದು ತಿಳಿದರೆ ಸಾಕು. ಒಳಗೆ ಹೋದಾಗ ‘ಏನು ಹೇಳಲಿ’ ಎಂದು ತಡವರಿಸುವ ಬದಲು ‘ಬೆಳಿಗ್ಗೆಯಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿದೆ’ ಎಂದು ಶುರುಮಾಡಬಹುದು. ಅಲ್ಲಿಂದ ಮಾತು ತಾನಾಗಿ ದಾರಿ ಹಿಡಿಯುತ್ತದೆ. ನಡುವೆ ಉಸಿರು ಬಿಗಿಹಿಡಿದದ್ದು ಅರಿವಿಗೆ ಬಂದರೆ, ಅದನ್ನೂ ಹೇಳಿಬಿಡಿ.

ಹೊರಬಂದ ಮೇಲೆ

ಅತ್ತು ಹಗುರಾದ ದಿನ ಮನೆಗೆ ಹೋಗಿ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುವ ಆಸೆ ಸಹಜ. ಬೇಡ. ಆಗಷ್ಟೇ ಕೆದಕಿದ ಗಾಯದ ಮುಂದೆ ಒಂಟಿಯಾಗಿ ಕೂತಂತಾಗುತ್ತದೆ. ಹತ್ತು ನಿಮಿಷ ನಿಧಾನವಾಗಿ ನಡೆಯಿರಿ, ಹಿಮ್ಮಡಿ ನೆಲ ಮುಟ್ಟುವುದನ್ನು ಗಮನಿಸುತ್ತಾ.

ಉಳಿದ ದಿನಗಳಲ್ಲಿ

ದಿನಕ್ಕೆ 15ರಿಂದ 20 ನಿಮಿಷ ಸಾಕು. ಮನಸ್ಸು ಹಾರಾಡುತ್ತಿದ್ದರೆ ಮೊದಲು ಮಾರ್ಜಾಲಾಸನದಂಥ ಚಲನೆಯಿರುವ ಆಸನ ಮಾಡಿ ಆಮೇಲೆ ಕುಳಿತುಕೊಳ್ಳಿ; ಜಡವಾಗಿದ್ದರೆ ತಾಡಾಸನ, ವೀರಭದ್ರಾಸನದಂಥ ನಿಂತು ಮಾಡುವ ಆಸನಗಳು ಒಗ್ಗುತ್ತವೆ. ಕೊನೆಗೆ ಐದು ನಿಮಿಷ ಧ್ಯಾನ. ಉಸಿರನ್ನು ಗಮನಿಸುವುದೇ ಕೆಲವರಿಗೆ ದಿಗಿಲು ತರುತ್ತದೆ. ಅಂಥವರು ಕಣ್ಣು ಅರೆ ತೆರೆದು ಹೊರಗಿನ ಸದ್ದನ್ನೋ ಅಂಗಾಲಿನ ಸ್ಪರ್ಶವನ್ನೋ ಗಮನಿಸಲಿ. ಹಳೆಯ ಘಟನೆ ನುಗ್ಗಿ ಬಂದರೆ ಹಲ್ಲು ಕಚ್ಚಿ ಮುಂದುವರಿಸುವ ಅಗತ್ಯವಿಲ್ಲ. ಕಣ್ಣು ಬಿಡಿ, ಎದ್ದುನಿಲ್ಲಿ, ಕಾಣುವ ಐದು ವಸ್ತುಗಳ ಹೆಸರು ಹೇಳಿ. ನಂತರ ಪುಸ್ತಕದಲ್ಲಿ ಮೂರು ಸಾಲು ಬರೆದಿಡಿ: ಏನು ಮಾಡುತ್ತಿದ್ದೆ, ಮೈಯಲ್ಲಿ ಎಲ್ಲಿ ಏನಾಯಿತು, ಯಾವ ನೆನಪು ಬಂತು. ಮುಂದಿನ ಭೇಟಿಗೆ ಆ ಪುಸ್ತಕ ಜೊತೆಗಿರಲಿ.

ಮಾನಸಿಕ ಆಘಾತ ಅನುಭವಿಸಿದವರಿಗೆ ಕಲಿಸುವ ಶಿಕ್ಷಕರು ಈ ಎಚ್ಚರವನ್ನು ಭಾಷೆಯಲ್ಲೇ ತಂದಿದ್ದಾರೆ. ‘ಕೈ ಎತ್ತಿ’ ಎನ್ನುವ ಬದಲು ‘ಬೇಕೆನಿಸಿದರೆ ಕೈ ಎತ್ತಬಹುದು’ ಎನ್ನುತ್ತಾರೆ. ಮನೋವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕಿತ್ಸೆ ಪಡೆದೂ ಗುಣವಾಗದ 64 ಮಹಿಳೆಯರಿದ್ದರು. ಇಂಥ ಯೋಗವನ್ನು 10 ವಾರ ಮಾಡಿದವರಲ್ಲಿ ಶೇ 52ರಷ್ಟು ಮಂದಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ ಲಕ್ಷಣಗಳು ರೋಗವೆನ್ನುವ ಮಟ್ಟಕ್ಕಿಂತ ಕೆಳಗಿಳಿದವು. ಬರಿಯ ಆರೋಗ್ಯ ಪಾಠ ಕೇಳಿದವರಲ್ಲಿ ಇದು ಶೇ 21. ಗುಂಪು ಚಿಕ್ಕದು, ಚಿಕಿತ್ಸೆಗೆ ಪೂರಕವಾಗಿ ನಡೆದ ಯೋಗವಿದು ಎಂಬುದನ್ನೂ ನೆನಪಿಡಬೇಕು.

ಒಂದು ಬಲೆಯಿದೆ. ಅಣ್ಣನ ಫೋನ್ ಬಂದಾಗಲೆಲ್ಲ ಸಿಟ್ಟು ಬರುತ್ತದೆ. ಐದು ನಿಮಿಷ ಭ್ರಾಮರಿ (ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡುವುದು) ಮಾಡಿದರೆ ಇಳಿಯುತ್ತದೆ. ವರ್ಷ ಕಳೆದರೂ ಅಣ್ಣನಿಗೆ ಹೇಳಬೇಕಾದದ್ದನ್ನು ಹೇಳಿರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ 1980ರ ದಶಕದಲ್ಲೇ ಇದಕ್ಕೆ ‘ಸ್ಪಿರಿಚುವಲ್ ಬೈಪಾಸಿಂಗ್’ ಎಂದು ಹೆಸರಿಟ್ಟಿದ್ದರು, ಅಂದರೆ ಅಧ್ಯಾತ್ಮದ ಅಡ್ಡದಾರಿ. ಸಿಟ್ಟು ಇಳಿದ ಮೇಲಿನ ಆ ಅರ್ಧ ಗಂಟೆಯಲ್ಲಿ ಅಣ್ಣನಿಗೆ ಹೇಳಬೇಕಾದ ಒಂದು ವಾಕ್ಯವನ್ನು ಬರೆಯಿರಿ. ಅದನ್ನು ಮೊದಲು ಸಮಾಲೋಚಕರ ಎದುರು ಗಟ್ಟಿಯಾಗಿ ಓದಿ.

ಆರೆಂಟು ವಾರದ ಬಳಿಕ ನೀವೂ ಸಮಾಲೋಚಕರೂ ಕುಳಿತು ಪುಸ್ತಕ ತಿರುವಿಹಾಕಿ, ಒಗ್ಗದ್ದನ್ನು ಬಿಡಿ. ಶವಾಸನದಲ್ಲಿ ಅಂಗಾತ ಮಲಗಿದರೆ ಭಯವೆಂದು ನಾಲ್ಕು ಕಡೆ ಬರೆದಿದ್ದರೆ, ಬೆನ್ನನ್ನು ಗೋಡೆಗೆ ತಾಗಿಸಿ ಪಕ್ಕಕ್ಕೆ ಹೊರಳಿ ಮಲಗಬಹುದು. ಬಾಗಿಲು ಕಣ್ಣಿಗೆ ಕಾಣುವಂತಿರಲಿ.